ಜಪಾನಿನ ಹಳೆಯ ಪಿಂಗಾಣಿ ಬಟ್ಟಲು: ತಳದ ಮುದ್ರೆ ನೋಡಿ ಲಕ್ಷ ಎಣಿಸುವ ಮೊದಲು

"ನಿಮ್ಮ ಅಜ್ಜಿಯ ಶೋಕೇಸಿನಲ್ಲಿ ಹೂಬಳ್ಳಿ ಚಿತ್ರದ ಹಳೆಯ ಬಟ್ಟಲು ಇದೆಯೇ? ತಿರುಗಿಸಿ ನೋಡಿ. ತಳದಲ್ಲಿ ಚೀನೀ ಅಕ್ಷರ ಇದ್ದರೆ ಅದು 500 ವರ್ಷ ಹಳೆಯ ಜಪಾನಿ ಪಿಂಗಾಣಿ. ಬೆಲೆ ಲಕ್ಷಗಟ್ಟಲೆ!" ಇಂಥದ್ದೊಂದು ಸಂದೇಶ ಫ್ಯಾಮಿಲಿ ಗ್ರೂಪಿನಲ್ಲಿ ನಿಮಗೂ ಬಂದಿರಬಹುದು. ಇದರ ಹಿಂದೆಯೇ ಇನ್ನೆರಡು ಮಾತು ಸೇರಿಕೊಳ್ಳುತ್ತವೆ. ಒಂದು, ಒಡೆದ ಬಟ್ಟಲಿಗೆ ಚಿನ್ನದ ಬೆಸುಗೆ ಹಾಕಿದ್ದರೆ ಬೆಲೆ ದುಪ್ಪಟ್ಟು ಎನ್ನುವುದು. ಇನ್ನೊಂದು, ಹಳೆಯ ಕಾಲದವರು ಕೆಮಿಕಲ್ ಬಳಸುತ್ತಿರಲಿಲ್ಲ, ಆದ್ದರಿಂದ ಊಟಕ್ಕೆ ಇದಕ್ಕಿಂತ ಶುದ್ಧವಾದ ಪಾತ್ರೆ ಇಲ್ಲ ಎನ್ನುವುದು.

ಮೊದಲೆರಡನ್ನು ನಂಬಿದರೆ ದುಡ್ಡು ಹೋಗುತ್ತದೆ. ಮೂರನೆಯದನ್ನು ನಂಬಿ ಮನೆಯ ಮಗುವಿಗೆ ಅದರಲ್ಲಿ ಸಾರನ್ನ ಕಲಸಿಕೊಟ್ಟರೆ ಹೋಗುವುದು ದುಡ್ಡಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

500 ವರ್ಷ ಎಂಬ ಲೆಕ್ಕವೇ ತಪ್ಪು

ಜಪಾನಿನಲ್ಲಿ ಮಣ್ಣಿನ ಪಾತ್ರೆಗಳ ಚರಿತ್ರೆ ಸಾವಿರಾರು ವರ್ಷಗಳದ್ದು. ಆದರೆ ಪಿಂಗಾಣಿ ಬೇರೆ. ಅದಕ್ಕೆ ವಿಶೇಷವಾದ ಬಿಳಿ ಕಲ್ಲಿನ ಪುಡಿ ಬೇಕು. ಸುಮಾರು 1300 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆ ಉಷ್ಣದಲ್ಲಿ ಪುಡಿಯ ಒಂದು ಭಾಗ ಕರಗಿ ಗಾಜಾಗುತ್ತದೆ, ಕಣಗಳ ನಡುವಿನ ಸಂದನ್ನೆಲ್ಲ ತುಂಬುತ್ತದೆ. ಅದಕ್ಕೇ ಮಡಕೆ ನೀರು ಹೀರುತ್ತದೆ, ಪಿಂಗಾಣಿ ಹೀರುವುದಿಲ್ಲ. ತೆಳ್ಳಗಿನ ಪಿಂಗಾಣಿಯನ್ನು ದೀಪಕ್ಕೆ ಹಿಡಿದರೆ ಬೆಳಕು ಹಾಯುತ್ತದೆ. ಈ ವಿದ್ಯೆ ಚೀನಾ ಮತ್ತು ಕೊರಿಯಾದವರ ಕೈಯಲ್ಲಿ ಬಹಳ ಹಿಂದಿನಿಂದ ಇತ್ತು, ಜಪಾನಿಗೆ ಗೊತ್ತಿರಲಿಲ್ಲ.

1592ರಿಂದ 1598ರವರೆಗೆ ಜಪಾನಿನ ತೊಯೊತೊಮಿ ಹಿದೆಯೋಶಿ ಕೊರಿಯಾದ ಮೇಲೆ ದಂಡು ಕಳಿಸಿದ. ಹಿಂತಿರುಗುವಾಗ ಅವನ ಸಾಮಂತರು ಕೊರಿಯಾದ ಕುಂಬಾರರನ್ನೂ ಹಿಡಿದು ತಂದರು. ಅವರಲ್ಲಿ ಒಬ್ಬನಾದ ಯಿ ಸಾಮ್‌ಪ್ಯೊಂಗ್, ಕ್ಯೂಶು ದ್ವೀಪದ ಅರಿತಾ ಎಂಬ ಊರಿನ ಬಳಿಯ ಇಜುಮಿಯಾಮಾ ಗುಡ್ಡದಲ್ಲಿ ಆ ಬಿಳಿ ಕಲ್ಲನ್ನು ಪತ್ತೆಹಚ್ಚಿದ ಎಂದು ಅಲ್ಲಿನ ಪರಂಪರೆ ಹೇಳುತ್ತದೆ. ಅದು ಕೊಡುವ ವರ್ಷ 1616. ಸೆರೆಯಾಗಿ ಬಂದವನನ್ನು ಆ ಊರು ಇಂದಿಗೂ ದೇವಸ್ಥಾನದಲ್ಲಿಟ್ಟು ಗೌರವಿಸುತ್ತದೆ. ಆ ದೇವಸ್ಥಾನದ ಹೆಬ್ಬಾಗಿಲಿನ ಕಮಾನು ಕೂಡ ಪಿಂಗಾಣಿಯದ್ದೇ.

ಅಂದರೆ ಜಪಾನಿನ ಅತಿ ಹಳೆಯ ಪಿಂಗಾಣಿಗೆ ಈಗ ಸುಮಾರು 400 ವರ್ಷ. ಯಾರಾದರೂ "500 ವರ್ಷದ ಜಪಾನಿ ಪಿಂಗಾಣಿ" ಎಂದರೆ ಅಲ್ಲಿಗೇ ಮಾತು ನಿಲ್ಲಿಸಬಹುದು.

ಮಾರಾಟಗಾರರ ಬಾಯಲ್ಲಿ ಪದೇಪದೇ ಬರುವ 'ಇಮಾರಿ' ಎಂಬ ಹೆಸರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಇಮಾರಿ ಎಂಬುದು ಅರಿತಾದ ಹತ್ತಿರದ ಬಂದರು. ಸುತ್ತಲಿನ ಊರುಗಳಲ್ಲಿ ತಯಾರಾದ ಪಾತ್ರೆಗಳು ಅಲ್ಲಿಂದ ಹಡಗು ಹತ್ತುತ್ತಿದ್ದವು, ಅದಕ್ಕೆ ಬಂದರಿನ ಹೆಸರೇ ಸರಕಿಗೆ ಅಂಟಿಕೊಂಡಿತು. ಬ್ಯಾಡಗಿ ಮೆಣಸಿನಕಾಯಿ ಎಂದರೆ ಎಲ್ಲವೂ ಬ್ಯಾಡಗಿಯ ಹೊಲದಲ್ಲೇ ಬೆಳೆದದ್ದಲ್ಲವಲ್ಲ, ಹಾಗೆ.

ಹಾಗಾದರೆ ಜಪಾನಿನ ಬಟ್ಟಲಿನ ಮೇಲೆ ಚೀನೀ ತಾರೀಖು ಏಕೆ?

ಫಾರ್ವರ್ಡ್ ಹುಟ್ಟುವುದು ಇಲ್ಲೇ. 17 ಮತ್ತು 18ನೇ ಶತಮಾನದ ಎಷ್ಟೋ ಅರಿತಾ ಬಟ್ಟಲುಗಳ ತಳದಲ್ಲಿ ನೀಲಿ ಬಣ್ಣದಲ್ಲಿ ಆರು ಅಕ್ಷರ ಬರೆದಿರುತ್ತಾರೆ. "ಮಹಾ ಮಿಂಗ್ ವಂಶದ ಚೆಂಗ್‌ಹುವಾ ಕಾಲದಲ್ಲಿ ತಯಾರಿಸಿದ್ದು" ಎಂದು ಅದರ ಅರ್ಥ. ಚೆಂಗ್‌ಹುವಾ ಚೀನಾವನ್ನು ಆಳಿದ್ದು 1460ರ ದಶಕದಿಂದ 1487ರವರೆಗೆ. ಆಗ ಅರಿತಾದಲ್ಲಿ ಪಿಂಗಾಣಿ ಭಟ್ಟಿಯೇ ಇರಲಿಲ್ಲ! ಮುದ್ರೆಯನ್ನು ಗೂಗಲ್ ಲೆನ್ಸ್‌ಗೆ ತೋರಿಸಿದರೆ ಅದು ಅಕ್ಷರಗಳನ್ನು ಸರಿಯಾಗಿಯೇ ಓದಿ ಹೇಳುತ್ತದೆ. ತಪ್ಪಿರುವುದು ಓದಿನಲ್ಲಲ್ಲ, ಬರಹದಲ್ಲಿ.

ಇದನ್ನು ಪೂರ್ತಿ ಮೋಸ ಎನ್ನಲೂ ಆಗದು. ಚೆಂಗ್‌ಹುವಾ ಕಾಲದ ಪಿಂಗಾಣಿ ಅತ್ಯುತ್ತಮ ಎಂಬ ಹೆಸರಿತ್ತು. ಆ ಮುದ್ರೆ ಬರೆಯುವುದು ಒಂದು ಅಲಂಕಾರ, ಒಂದು ಗೌರವ. ಚೀನಾದವರೇ ನಂತರದ ಶತಮಾನಗಳಲ್ಲಿ ತಮ್ಮ ಪಾತ್ರೆಗಳ ಮೇಲೆ ಅದೇ ಹಳೆಯ ಮುದ್ರೆ ಬರೆದರು. ಚೌಕದೊಳಗೆ ಒಂದೇ ಅಕ್ಷರ ಇದ್ದರೆ ಅದು ಹೆಚ್ಚಾಗಿ 'ಫುಕು', ಅಂದರೆ ಭಾಗ್ಯ. ನಮ್ಮಲ್ಲಿ ಬಾಗಿಲಿನ ಮೇಲೆ 'ಶುಭ ಲಾಭ' ಬರೆದ ಹಾಗೆ. ಅದರಿಂದ ಕಾಲವೂ ತಿಳಿಯದು, ಕುಶಲಕರ್ಮಿಯ ಹೆಸರೂ ತಿಳಿಯದು.

ಇಂಗ್ಲಿಷ್ ಅಕ್ಷರದ ಮುದ್ರೆಗಳಿಂದ ಸ್ವಲ್ಪ ಹೆಚ್ಚು ಉಪಯೋಗವಿದೆ, ಏಕೆಂದರೆ ಅವುಗಳ ಹಿಂದೆ ಕಾನೂನಿದೆ. ಅಮೆರಿಕ 1890ರಲ್ಲಿ ಮೆಕಿನ್ಲಿ ಸುಂಕ ಕಾಯ್ದೆ ತಂದು, ಆಮದಾಗುವ ಸರಕಿನ ಮೇಲೆ ಯಾವ ದೇಶದ್ದು ಎಂದು ಬರೆದಿರಲೇಬೇಕು ಎಂದಿತು. 1891ರಿಂದ ಅದು ಜಾರಿಗೆ ಬಂತು. ಜಪಾನಿನವರು ತಮ್ಮ ದೇಶವನ್ನು ಕರೆಯುವ ಹೆಸರಾದ 'ನಿಪ್ಪೊನ್' ಎಂದು ಬರೆಯತೊಡಗಿದರು. ಸುಮಾರು 30 ವರ್ಷ ನಡೆದ ಮೇಲೆ, 1921ರಲ್ಲಿ ಅಮೆರಿಕದ ಕಸ್ಟಮ್ಸ್ ಇದು ಇಂಗ್ಲಿಷ್ ಪದವಲ್ಲ, 'ಜಪಾನ್' ಎಂದೇ ಬರೆಯಿರಿ ಎಂದಿತು. ಎರಡನೇ ಮಹಾಯುದ್ಧದ ನಂತರ, 1952ರವರೆಗಿನ ಕೆಲವು ವರ್ಷ 'ಆಕ್ಯುಪೈಡ್ ಜಪಾನ್' ಎಂಬ ಮುದ್ರೆಯೂ ಬಂತು.

ಹೀಗಾಗಿ 'ನಿಪ್ಪೊನ್' ಇದ್ದರೆ 1891–1921ರ ನಡುವಿನದ್ದು, 'ಮೇಡ್ ಇನ್ ಜಪಾನ್' ಇದ್ದರೆ ಸಾಮಾನ್ಯವಾಗಿ ಅದಕ್ಕಿಂತ ಈಚಿನದ್ದು ಎಂಬ ಅಂದಾಜು ಸಿಗುತ್ತದೆ. ಆದರೆ ಎರಡು ವಿಷಯ ನೆನಪಿರಲಿ. ಈ ಮುದ್ರೆ ರಫ್ತಿನ ಸರಕಿಗೆ ಮಾತ್ರ. ಜಪಾನಿನವರು ತಾವೇ ಬಳಸಲು ಮಾಡಿಕೊಂಡ ಬಟ್ಟಲಿಗೆ ಅದರ ಅಗತ್ಯವಿರಲಿಲ್ಲ. ಹಾಗಾಗಿ ಮುದ್ರೆ ಇಲ್ಲದ ಬಟ್ಟಲು 1891ಕ್ಕಿಂತ ಹಳೆಯದೇ ಆಗಬೇಕೆಂದಿಲ್ಲ. ಎರಡನೆಯದು, ಸಂಗ್ರಾಹಕರು 'ನಿಪ್ಪೊನ್' ಮುದ್ರೆಗೆ ಹೆಚ್ಚು ದುಡ್ಡು ಕೊಡುತ್ತಾರೆ ಎಂದು ಗೊತ್ತಾದ ಕೂಡಲೇ ನಕಲಿ 'ನಿಪ್ಪೊನ್' ಮುದ್ರೆಗಳು ಮಾರುಕಟ್ಟೆಗೆ ಬಂದವು. ಮುದ್ರೆ ಒತ್ತುವುದು ಬಟ್ಟಲು ಮಾಡುವುದಕ್ಕಿಂತ ಸುಲಭ. (ತಳದಲ್ಲಿ 'ಮೈಕ್ರೋವೇವ್ ಸೇಫ್' ಎಂದೂ ಬರೆದಿದ್ದರೆ ಮುಂದಿನ ತನಿಖೆ ಬೇಕಾಗಿಲ್ಲ.)

ಚಿತ್ರ ನೋಡಿದರೆ ಗೊತ್ತಾಗುವುದಿಲ್ಲವೇ?

ಅದೂ ಅಷ್ಟು ಸುಲಭವಲ್ಲ. 1644ರಲ್ಲಿ ಚೀನಾದಲ್ಲಿ ಮಿಂಗ್ ವಂಶ ಉರುಳಿತು. ಗಲಭೆಯಲ್ಲಿ ಅಲ್ಲಿನ ಪಿಂಗಾಣಿ ರಫ್ತು ಕುಸಿಯಿತು. ಯುರೋಪಿಗೆ ಪಿಂಗಾಣಿ ಒಯ್ದು ಲಾಭ ಮಾಡುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿ ಬೇರೆ ದಾರಿ ಹುಡುಕಿ ಅರಿತಾಕ್ಕೆ ಬಂತು. ನಾಗಾಸಾಕಿಯ ದೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ಅವರ ಮಳಿಗೆಯಿತ್ತು. 1659ರಲ್ಲಿ ದೊಡ್ಡ ಆರ್ಡರ್‌ಗಳು ಶುರುವಾದವು. ಕಡುನೀಲಿ, ಇಟ್ಟಿಗೆ ಕೆಂಪು, ಚಿನ್ನ ಈ ಮೂರು ಬಣ್ಣ ತುಂಬಿದ ಇಮಾರಿ ಶೈಲಿಯೂ, ಹಾಲುಬಿಳಿಯ ಮೇಲೆ ಅಲ್ಲೊಂದು ಇಲ್ಲೊಂದು ಹೂವು ಹಕ್ಕಿ ಬಿಡಿಸಿ ಉಳಿದ ಜಾಗವನ್ನು ಖಾಲಿ ಬಿಡುವ ಕಾಕಿಯೆಮೊನ್ ಶೈಲಿಯೂ ಯುರೋಪಿನ ಅರಮನೆಗಳಿಗೆ ಹುಚ್ಚು ಹಿಡಿಸಿದವು.

ಮುಂದೆ ನಡೆದದ್ದು ತಮಾಷೆಯಾಗಿದೆ. ಚೀನಾವನ್ನು ನೋಡಿ ಕಲಿತ ಜಪಾನಿನ ಶೈಲಿಯನ್ನು ಚೀನಾವೇ ನಕಲು ಮಾಡಿ ಕಡಿಮೆ ಬೆಲೆಗೆ ಮಾರಿತು. ಜರ್ಮನಿಯ ಮೈಸೆನ್, ಇಂಗ್ಲೆಂಡಿನ ಚೆಲ್ಸಿ, ವೂಸ್ಟರ್, ಡರ್ಬಿ ಎಲ್ಲವೂ ನಕಲು ಮಾಡಿದವು. ಡರ್ಬಿಯ 'ಇಮಾರಿ' ಇಂದಿಗೂ ಹೆಸರುವಾಸಿ. ಹಾಗಾಗಿ ನೀಲಿ, ಕೆಂಪು, ಚಿನ್ನ ಕಂಡಿತು ಎಂದರೆ ಶೈಲಿ ಗೊತ್ತಾಯಿತು ಅಷ್ಟೇ. ಊರು ಗೊತ್ತಾಗಲಿಲ್ಲ, ಕಾಲವೂ ಗೊತ್ತಾಗಲಿಲ್ಲ.

ಇನ್ನೊಂದು ಜನಪ್ರಿಯ 'ಪರೀಕ್ಷೆ' ಇದೆ. ಬೆಳಕಿಗೆ ಹಿಡಿದಾಗ ಕಪ್ಪಿನ ತಳದಲ್ಲಿ ಜಪಾನಿ ಹೆಂಗಸಿನ ಮುಖ ಕಂಡರೆ ಅದು ಅಪರೂಪದ ಅರಮನೆ ಪಿಂಗಾಣಿ ಎಂಬುದು. ಮುಖ ಕಾಣುವುದು ನಿಜ, ನೋಡಲು ಸೊಗಸೂ ಹೌದು. ತಳದ ಪಿಂಗಾಣಿಯ ದಪ್ಪವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿ ಅಚ್ಚು ಒತ್ತಿರುತ್ತಾರೆ. ತೆಳ್ಳಗಿರುವಲ್ಲಿ ಬೆಳಕು ಹೆಚ್ಚು ಹಾಯುತ್ತದೆ, ದಪ್ಪಗಿರುವಲ್ಲಿ ನೆರಳು ಬೀಳುತ್ತದೆ, ಅದೇ ಚಿತ್ರವಾಗುತ್ತದೆ. ಈ ತಂತ್ರ ಯುರೋಪಿನಲ್ಲಿ 1820ರ ದಶಕದಲ್ಲಿ ಬಳಕೆಗೆ ಬಂತು. ಜಪಾನಿನ ಇಂಥ ಟೀ ಸೆಟ್‌ಗಳು ಬಹುಪಾಲು 20ನೇ ಶತಮಾನದವು, ಪ್ರವಾಸಿಗರಿಗೆ ಮತ್ತು ಸೈನಿಕರಿಗೆ ಮಾರಲು ರಾಶಿರಾಶಿಯಾಗಿ ಮಾಡಿದವು.

ಬಟ್ಟಲನ್ನೇ ಕೇಳಿ

ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವ ಬುದ್ಧಿ ನಮ್ಮ ಮನೆಗಳಲ್ಲಿ ಮೊದಲಿಂದ ಇದೆ. ಪಿಂಗಾಣಿಗೂ ಅಲ್ಲಿಂದಲೇ ಶುರು. ಬಟ್ಟಲನ್ನು ಅಂಗೈ ಮೇಲಿಟ್ಟು ಅಂಚಿಗೆ ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗಟ್ಟಿ ಬಟ್ಟಲು ಗಂಟೆಯಂತೆ ನಾದ ಬಿಡುತ್ತದೆ. ಸೀಳಿದ್ದರೆ ಅಥವಾ ಅಂಟಿಸಿದ್ದರೆ 'ಟಪ್' ಎಂದು ಸತ್ತ ಸದ್ದು. ಆಮೇಲೆ ಬೆಳಕಿಗೆ ಹಿಡಿದು, ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಇದೆಯೇ ನೋಡಬೇಕು.

ನಂತರ ತಲೆಕೆಳಗು ಮಾಡಿ. ಮುದ್ರೆಯನ್ನು ಬಿಟ್ಟುಬಿಡಿ, ಬಟ್ಟಲು ನಿಲ್ಲುವ ತಳದ ಉಂಗುರವನ್ನು ನೋಡಿ. ಭಟ್ಟಿಯಲ್ಲಿ ಅಂಟಿಕೊಳ್ಳಬಾರದೆಂದು ಅಲ್ಲಿ ಗಾಜಿನಂಥ ಲೇಪವನ್ನು, ಅಂದರೆ ಗ್ಲೇಜನ್ನು, ಒರೆಸಿರುತ್ತಾರೆ. ಆದ್ದರಿಂದ ಬಟ್ಟಲಿನ ನಿಜವಾದ ಮೈ ಕಾಣುವುದು ಅಲ್ಲಿ ಮಾತ್ರ. ಹಳೆಯ ಬಟ್ಟಲಿನ ಉಂಗುರದಲ್ಲಿ ಭಟ್ಟಿಯ ಮರಳಿನ ಕಣ ಅಂಟಿರಬಹುದು. ನೂರು ವರ್ಷ ಎತ್ತಿ ಇಟ್ಟು ಮಾಡಿದ್ದರಿಂದ ಅದು ನುಣುಪಾಗಿ ಸವೆದಿರುತ್ತದೆ, ಆ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಹೊಸ ಬಟ್ಟಲಿಗೆ ಮರಳು ಕಾಗದ ಉಜ್ಜಿ ವಯಸ್ಸು ತರಿಸಿದ್ದರೆ ಭೂತಗನ್ನಡಿಯಲ್ಲಿ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ಕಾಣುತ್ತವೆ. ಟೀ ಡಿಕಾಕ್ಷನ್ನಿನಲ್ಲಿ ನೆನೆಸಿ ಕಂದು ಬಣ್ಣ ತರಿಸುವವರೂ ಇದ್ದಾರೆ.

ದೊಡ್ಡ ತಟ್ಟೆ, ದೊಡ್ಡ ಬಟ್ಟಲಾದರೆ ತಳದ ಉಂಗುರದ ಒಳಗೆ ಸಾಸಿವೆ ಕಾಳಿನಷ್ಟು ದೊಡ್ಡ ಒರಟು ಚುಕ್ಕೆಗಳಿವೆಯೇ ಹುಡುಕಿ. ಅರಿತಾದ ಮಣ್ಣು ಭಟ್ಟಿಯ ಬಿಸಿಗೆ ನಡುವೆ ಕುಸಿಯುತ್ತಿತ್ತು. ಅದಕ್ಕೆ ಕುಂಬಾರರು ಸಣ್ಣ ಮಣ್ಣಿನ ಮೊಳೆಗಳನ್ನು ಆಸರೆಗೆ ಇಡುತ್ತಿದ್ದರು. ಸುಟ್ಟ ಮೇಲೆ ಮೊಳೆ ಮುರಿದು ತೆಗೆದರೆ ಆ ಚುಕ್ಕೆ ಉಳಿಯುತ್ತದೆ. ಅದೇ ಕಾಲದ ಚೀನೀ ಪಾತ್ರೆಗಳಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಅಂದವಾದ ಮುದ್ರೆಗಿಂತ ಈ ಕುರೂಪದ ಚುಕ್ಕೆ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ಚುಕ್ಕೆ ಇಲ್ಲದಿದ್ದರೆ ನಕಲಿ ಎಂದಲ್ಲ. ಸಣ್ಣ ಬಟ್ಟಲಿಗೆ ಆಸರೆಯೇ ಬೇಕಿರಲಿಲ್ಲ.

ಈಗ ಚಿತ್ರಕ್ಕೆ ಬನ್ನಿ. ಕೈಯಿಂದ ಬರೆದ ಗೆರೆಯಲ್ಲಿ ಕುಂಚ ಒತ್ತಿದ ಕಡೆ ಬಣ್ಣ ಗಾಢ, ಎತ್ತಿದ ಕಡೆ ತೆಳು. ಮೇಜಿ ದೊರೆಯ ಕಾಲದಿಂದ, ಅಂದರೆ 1868ರ ನಂತರ, ಕೊರೆದ ಕಾಗದದ ಅಚ್ಚು ಇಟ್ಟು ಬಣ್ಣ ಹಚ್ಚುವ ವಿಧಾನ, ಆಮೇಲೆ ತಾಮ್ರದ ತಗಡಿನಿಂದ ಮುದ್ರಿಸಿದ ಕಾಗದ ಅಂಟಿಸುವ ವಿಧಾನ ಹರಡಿದವು. ಅಂಥ ಬಟ್ಟಲಿನಲ್ಲಿ ಎರಡು ಕಾಗದ ಸೇರುವ ಕಡೆ ಚಿತ್ರ ಕೂಡುವುದಿಲ್ಲ. ಒಂದು ಹೂವಿನ ಅರ್ಧ ಇನ್ನೊಂದರ ಮೇಲೆ ಏರಿರುತ್ತದೆ. ನೀಲಿಯೂ ಕಣ್ಣಿಗೆ ಹೊಡೆಯುವಷ್ಟು ಉಜ್ವಲ. ಅದಕ್ಕೂ ಕಾರಣವಿದೆ. ಮೊದಲು ಬಳಸುತ್ತಿದ್ದುದು ಖನಿಜದಿಂದ ಸಿಗುವ ಕೋಬಾಲ್ಟ್. ಅದರಲ್ಲಿ ಬೇರೆ ಲೋಹಗಳು ಬೆರೆತು ಬಣ್ಣ ಸ್ವಲ್ಪ ಬೂದು ಇರುತ್ತಿತ್ತು. 1870ರಲ್ಲಿ ಅರಿತಾಕ್ಕೆ ಬಂದ ಜರ್ಮನಿಯ ಗಾಟ್‌ಫ್ರೀಡ್ ವಾಗೆನರ್ ಎಂಬ ರಸಾಯನಶಾಸ್ತ್ರಜ್ಞ ಕಾರ್ಖಾನೆಯಲ್ಲಿ ತಯಾರಾದ ಕೋಬಾಲ್ಟ್ ಬಳಸುವುದನ್ನು ಕಲಿಸಿದ. ಸಂಗ್ರಹ ಶುರುಮಾಡುವವರಿಗೆ ಈ ಅಚ್ಚಿನ ಬಟ್ಟಲುಗಳೇ ಒಳ್ಳೆಯ ಪಾಠಶಾಲೆ. ಬೆಲೆ ಕಡಿಮೆ, ನಕಲು ಮಾಡಿ ಯಾರಿಗೂ ಲಾಭವಿಲ್ಲ, ನೂರು ವರ್ಷ ಹಳೆಯದೂ ಹೌದು.

ಇಷ್ಟೆಲ್ಲ ನೋಡಿದರೂ ವಾಟ್ಸಾಪಿನಲ್ಲಿ ಬಂದ ಫೋಟೋದಿಂದ ಇವು ಯಾವುವೂ ತೀರ್ಮಾನವಾಗುವುದಿಲ್ಲ. ಸದ್ದು, ತೂಕ, ಸವೆತ ಫೋಟೋದಲ್ಲಿ ಬರುವುದಿಲ್ಲ. ಮುದ್ರೆ ಮಾತ್ರ ಚೆನ್ನಾಗಿ ಬರುತ್ತದೆ. ಮಾರುವವರು ಮುದ್ರೆಯ ಫೋಟೋ ಮೊದಲು ಕಳಿಸುವುದು ಅದಕ್ಕೇ.

"ಹಳೆಯ ಪಾತ್ರೆ, ಕೆಮಿಕಲ್ ಇಲ್ಲ" ಎಂಬ ಅಪಾಯಕಾರಿ ಮಾತು

ನೀಲಿ ಬಣ್ಣವನ್ನು ಹಸಿ ಬಟ್ಟಲಿನ ಮೇಲೆ ಬರೆದು, ಮೇಲೆ ಗ್ಲೇಜ್ ಹಾಕಿ, 1300 ಡಿಗ್ರಿಯಲ್ಲಿ ಸುಡುತ್ತಾರೆ. ಬಣ್ಣ ಗಾಜಿನ ಅಡಿಯಲ್ಲಿ ಭದ್ರವಾಗಿ ಸೇರಿಕೊಳ್ಳುತ್ತದೆ. ಆದರೆ ಕೆಂಪು, ಹಸಿರು, ಹಳದಿ, ಚಿನ್ನ ಅಷ್ಟು ಬಿಸಿ ತಾಳುವುದಿಲ್ಲ. ಅವನ್ನು ಸುಟ್ಟ ಬಟ್ಟಲಿನ ಮೇಲೆ ಬರೆದು ಸುಮಾರು 800 ಡಿಗ್ರಿಯಲ್ಲಿ ಮತ್ತೊಮ್ಮೆ ಸುಡಬೇಕು. ಅಷ್ಟು ಕಡಿಮೆ ಬಿಸಿಯಲ್ಲಿ ಬಣ್ಣ ಕರಗಿ ಅಂಟಿಕೊಳ್ಳಬೇಕಾದರೆ ಬೇಗ ಕರಗುವ ಗಾಜಿನ ಪುಡಿ ಬೆರೆಸಬೇಕು. ಆ ಕಾಲದಲ್ಲಿ ಗಾಜನ್ನು ಬೇಗ ಕರಗಿಸುತ್ತಿದ್ದ ವಸ್ತು ಸೀಸ.

ಬೆರಳು ಆಡಿಸಿ ನೋಡಿ. ನೀಲಿ ಗೆರೆ ಕೈಗೆ ಸಿಗುವುದಿಲ್ಲ. ಕೆಂಪು ಹಸಿರು ಕೊಂಚ ಉಬ್ಬಿ ಸಿಗುತ್ತವೆ. ಅಂದರೆ ಅವು ಊಟಕ್ಕೆ ನೇರವಾಗಿ ತಾಗುವ ಜಾಗದಲ್ಲಿವೆ.

ಸೀಸ ಇದೆ ಎಂದ ಮಾತ್ರಕ್ಕೆ ಅದು ಊಟಕ್ಕೆ ಇಳಿಯುತ್ತದೆ ಎಂದಲ್ಲ. ಚೆನ್ನಾಗಿ ಸುಟ್ಟ ಗಾಜಿನಲ್ಲಿ ಅದು ಬಹಳ ಮಟ್ಟಿಗೆ ಬಂಧಿ. ಆದರೆ ಹುಳಿ ಪದಾರ್ಥ ಆ ಬಂಧವನ್ನು ಸಡಿಲಿಸುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆಯ ಪರೀಕ್ಷೆಯೂ ಇದೇ ತತ್ವದ ಮೇಲೆ ನಡೆಯುತ್ತದೆ. ಪಾತ್ರೆಯಲ್ಲಿ 4 ಶೇಕಡಾ ಅಸಿಟಿಕ್ ಆಮ್ಲ, ಅಂದರೆ ಹೆಚ್ಚುಕಡಿಮೆ ಅಡುಗೆಮನೆಯ ವಿನೆಗರ್ ತುಂಬಿ 24 ಗಂಟೆ ಇಟ್ಟು, ಎಷ್ಟು ಸೀಸ ಇಳಿಯಿತು ಎಂದು ಅಳೆಯುತ್ತಾರೆ. ಸಣ್ಣ ಬಟ್ಟಲಾದರೆ ಒಂದು ಮಿಲಿಲೀಟರಿಗೆ 2 ಮೈಕ್ರೋಗ್ರಾಂ, ಕಪ್ ಆದರೆ 0.5 ಮೈಕ್ರೋಗ್ರಾಂ ದಾಟಿದರೆ ಕ್ರಮ ಕೈಗೊಳ್ಳಬಹುದು. ನೂರು ವರ್ಷದ ಹಿಂದಿನ ಬಟ್ಟಲು ಇಂಥ ಪರೀಕ್ಷೆಯನ್ನು ಕಂಡದ್ದೇ ಇಲ್ಲ. ಜೊತೆಗೆ ವರ್ಷಗಟ್ಟಲೆ ತಿಕ್ಕಿ ತೊಳೆದು ಅದರ ಮೇಲ್ಮೈ ಸವೆದಿದೆ.

ನಮ್ಮ ಊಟವನ್ನು ಒಮ್ಮೆ ನೆನೆಸಿಕೊಳ್ಳಿ. ಹುಣಸೆ ಹುಳಿಯ ಸಾರು, ನಿಂಬೆ ಚಿತ್ರಾನ್ನ, ಟೊಮೆಟೊ ಗೊಜ್ಜು, ಮೊಸರು, ಉಪ್ಪಿನಕಾಯಿ. ಹುಳಿ ಇಲ್ಲದ ಪದಾರ್ಥ ಹುಡುಕುವುದೇ ಕಷ್ಟ. ಅದೂ ಬಿಸಿಬಿಸಿ, ಉಪ್ಪಿನಕಾಯಿಯಾದರೆ ವಾರಗಟ್ಟಲೆ. ಸೀಸದ ವಿಷಯದಲ್ಲಿ ರುಚಿ, ವಾಸನೆ ಯಾವುದೂ ಎಚ್ಚರಿಸುವುದಿಲ್ಲ. ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಸುರಕ್ಷಿತ ಮಟ್ಟ ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ದೇಹ ದೊಡ್ಡವರಿಗಿಂತ ಹೆಚ್ಚು ಪಾಲು ಸೀಸವನ್ನು ಹೀರಿಕೊಳ್ಳುತ್ತದೆ, ಬೆಳೆಯುವ ಮೆದುಳಿಗೆ ಅದು ಮಾಡುವ ಹಾನಿ ಸರಿಹೋಗುವುದಿಲ್ಲ. ಗರ್ಭಿಣಿಯ ರಕ್ತದಿಂದ ಮಗುವಿಗೂ ದಾಟುತ್ತದೆ.

"ವಿನೆಗರ್‌ನಲ್ಲಿ ಕುದಿಸಿದರೆ ಸೀಸ ಹೋಗುತ್ತದೆ" ಎಂಬ ಸಲಹೆಯನ್ನು ಯಾರಾದರೂ ಕಳಿಸಿದರೆ ಪಾಲಿಸಬೇಡಿ. ಆಮ್ಲವು ಮೇಲಿನ ಪದರವನ್ನು ತಿಂದು ಒಳಗಿನ ಸೀಸಕ್ಕೆ ಹೊಸ ದಾರಿ ತೆರೆಯುತ್ತದೆ, ಬಣ್ಣವೂ ಮಂಕಾಗುತ್ತದೆ. ಆನ್‌ಲೈನಿನಲ್ಲಿ ಸಿಗುವ, ಉಜ್ಜಿದರೆ ಕೆಂಪಾಗುವ ಕಡ್ಡಿಗಳೂ ಪೂರ್ತಿ ಉತ್ತರ ಕೊಡುವುದಿಲ್ಲ. ಕೆಂಪಾದರೆ ಎಚ್ಚರಿಕೆ ಸರಿ, ಆಗದಿದ್ದರೆ ಸುರಕ್ಷಿತ ಎಂದಲ್ಲ.

ಆದ್ದರಿಂದ ಬಣ್ಣದ, ಚಿನ್ನದ ಚಿತ್ರ ಬಟ್ಟಲಿನ ಒಳಗಡೆ ಅಥವಾ ತುಟಿ ತಾಗುವ ಅಂಚಿನಲ್ಲಿ ಇದ್ದರೆ ಅದನ್ನು ಊಟಕ್ಕೆ ಬಳಸಬೇಡಿ. ಒಳಗೆ ಬರೀ ಬಿಳಿ, ಅಥವಾ ಗ್ಲೇಜಿನ ಅಡಿಯ ನೀಲಿ ಮಾತ್ರ ಇದ್ದು ಬಿರುಕು, ರಿಪೇರಿ ಇಲ್ಲದಿದ್ದರೆ ಅಪಾಯ ಬಹಳ ಕಡಿಮೆ. ಅದರಲ್ಲಿ ಒಣದ್ರಾಕ್ಷಿ, ಕಲ್ಲುಸಕ್ಕರೆ ಇಟ್ಟರೆ ತೊಂದರೆಯಿಲ್ಲ. ಮಗುವಿನ ಊಟಕ್ಕಂತೂ ಸ್ಟೀಲ್ ತಟ್ಟೆ ಇದ್ದೇ ಇದೆ. ಮತ್ತೆ, ಚಿನ್ನದ ಗೆರೆ ಇರುವ ಬಟ್ಟಲನ್ನು ಮೈಕ್ರೋವೇವಿನಲ್ಲಿ ಇಟ್ಟರೆ ಕಿಡಿ ಹಾರುತ್ತದೆ.

ಸಸ್ಯಾಹಾರಿ ಮನೆಗಳಲ್ಲಿ ಬರುವ ಇನ್ನೊಂದು ಅನುಮಾನಕ್ಕೂ ಉತ್ತರ ಹೇಳಿಬಿಡೋಣ. ಹಳೆಯ ಜಪಾನಿ ಪಿಂಗಾಣಿಯಲ್ಲಿ ಮೂಳೆಯ ಪುಡಿ ಇಲ್ಲ. ಮೂಳೆ ಸುಟ್ಟ ಬೂದಿ ಬೆರೆಸುವ 'ಬೋನ್ ಚೈನಾ' ಇಂಗ್ಲೆಂಡಿನಲ್ಲಿ 18ನೇ ಶತಮಾನದ ಕೊನೆಗೆ ಹುಟ್ಟಿದ್ದು. ಜಪಾನಿನ ನೊರಿಟಾಕೆ ಕಂಪನಿ ಅದನ್ನು ಮಾಡತೊಡಗಿದ್ದು 1930ರ ದಶಕದಲ್ಲಿ, ಮಾಡಿದ್ದರ ಮೇಲೆ 'ಬೋನ್ ಚೈನಾ' ಎಂದು ಬರೆದಿರುತ್ತದೆ.

ಚಿನ್ನದ ಬೆಸುಗೆ

ಒಡೆದ ಬಟ್ಟಲನ್ನು ಚಿನ್ನದ ಗೆರೆಗಳಿಂದ ಜೋಡಿಸುವ 'ಕಿನ್ಸುಗಿ' ಈಗ ಪ್ರೇರಣೆಯ ಪೋಸ್ಟ್‌ಗಳಲ್ಲಿ ಎಲ್ಲೆಲ್ಲೂ ಇದೆ. ಜೋಡಿಸುವ ಅಂಟು ಚಿನ್ನವಲ್ಲ. ಅದು ಉರುಶಿ ಎಂಬ ಮರದ ರಸ, ಚಿನ್ನದ ಪುಡಿ ಬರೀ ಮೇಲಿನ ಪದರ. ಉರುಶಿ ಮರ ನಮ್ಮ ಮಾವು, ಗೋಡಂಬಿ, ಕರಿಗೇರಿನ ಕುಟುಂಬಕ್ಕೇ ಸೇರಿದ್ದು. ಕರಿಗೇರಿನ ಸೊನೆ ತಾಗಿ ಮೈ ಊದಿಕೊಂಡವರಿಗೆ ಹಸಿ ಉರುಶಿ ಏನು ಮಾಡುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಆ ಕಪ್ಪು ಸೊನೆಯಲ್ಲೂ ಇದೇ ಜಾತಿಯ ರಾಸಾಯನಿಕವಿದೆ. ವಿಚಿತ್ರವೆಂದರೆ ಉರುಶಿ ಒಣಗುವುದಕ್ಕೆ ಬಿಸಿಲಲ್ಲ, ತೇವ ಬೇಕು. ತೇವದ ಗಾಳಿಯಲ್ಲಿ ಅದರೊಳಗಿನ ಕಿಣ್ವ ಕೆಲಸ ಮಾಡಿ ರಸವನ್ನು ಗಟ್ಟಿ ಮಾಡುತ್ತದೆ. ಪದರದ ಮೇಲೆ ಪದರ ಹಾಕುತ್ತ ವಾರಗಳೇ ಹಿಡಿಯುತ್ತವೆ.

ಆನ್‌ಲೈನಿನಲ್ಲಿ ಮಾರುವ ಅಗ್ಗದ 'ಕಿನ್ಸುಗಿ ಕಿಟ್'ಗಳಲ್ಲಿ ಸಾಮಾನ್ಯವಾಗಿ ಇರುವುದು ಎಪಾಕ್ಸಿ ಅಂಟು ಮತ್ತು ಚಿನ್ನದ ಬಣ್ಣದ ಲೋಹದ ಪುಡಿ. ಅಂಥ ಬಟ್ಟಲಿನಲ್ಲಿ ಬಿಸಿ ಪದಾರ್ಥ ಬೇಡ. ಬೆಲೆಯ ಮಾತಿಗೆ ಬಂದರೆ, ಹೆಸರುವಾಸಿ ಚಹಾ ಬಟ್ಟಲುಗಳ ವಿಷಯ ಬೇರೆ. ಸಾಮಾನ್ಯ ಇಮಾರಿ ಬಟ್ಟಲುಗಳ ಮಾರುಕಟ್ಟೆಯಲ್ಲಿ ಒಡೆಯದ ಬಟ್ಟಲಿಗೇ ಹೆಚ್ಚು ಬೆಲೆ. ನಕಲಿಗಾರರು ಹೊಸ ಬಟ್ಟಲನ್ನು ತಾವೇ ಒಡೆದು ಚಿನ್ನದ ಬಣ್ಣ ಬಳಿಯುವುದೂ ಉಂಟು.

ಕೊಳ್ಳುವ, ಒಯ್ಯುವ ಮುಂಚೆ

ಕಣ್ಣು ಪಳಗಬೇಕಾದರೆ ಅಸಲಿ ಬಟ್ಟಲುಗಳನ್ನು ಬಹಳ ನೋಡಬೇಕು. ನಮಗೆ ಹತ್ತಿರದಲ್ಲಿ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಜಪಾನಿನ ಪಿಂಗಾಣಿಯ ಒಳ್ಳೆಯ ಸಂಗ್ರಹವಿದೆ. ಕೆಲಸಕ್ಕೋ ಪ್ರವಾಸಕ್ಕೋ ಜಪಾನಿಗೆ ಹೋದವರು ಅರಿತಾದ ಕ್ಯೂಶು ಸೆರಾಮಿಕ್ ಮ್ಯೂಸಿಯಂಗೆ ಹೋಗಬಹುದು. ಅಲ್ಲಿನ ಶಿಬಾತಾ ಸಂಗ್ರಹವೊಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಕೊಳ್ಳಲು ಕ್ಯೋಟೋದಲ್ಲಿ ಪ್ರತಿ ತಿಂಗಳು 21ಕ್ಕೆ ತೋಜಿ ದೇವಾಲಯದ ಅಂಗಳದಲ್ಲಿ, 25ಕ್ಕೆ ಕಿತಾನೊ ತೆನ್ಮಾಂಗು ದೇವಾಲಯದ ಬಳಿ ಸಂತೆ ಸೇರುತ್ತದೆ. ಕೈಯಲ್ಲಿ ಹಿಡಿದು, ತಟ್ಟಿ, ತಿರುಗಿಸಿ ನೋಡಲು ಅಲ್ಲಿ ಯಾರೂ ಬೇಡ ಎನ್ನುವುದಿಲ್ಲ, ಎರಡೂ ಕೈಯಲ್ಲಿ ಹಿಡಿದರೆ ಸಾಕು.

ಬಟ್ಟಲು ಭಾರತದಲ್ಲೇ ಇದ್ದರೆ ಒಂದು ಕಾನೂನು ತಿಳಿದಿರಬೇಕು. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾಕೃತಿ, ಕರಕುಶಲ ವಸ್ತು 'ಪುರಾತನ ವಸ್ತು'. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿ ವ್ಯಕ್ತಿಗಳು ಅವನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. 'ನಿಪ್ಪೊನ್' ಮುದ್ರೆ ಅಸಲಿಯಾಗಿದ್ದರೆ ಆ ಬಟ್ಟಲಿಗೆ ಈಗ ನೂರು ದಾಟಿದೆ ಎಂದು ಲೆಕ್ಕ ಹಾಕಿಕೊಳ್ಳಿ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜಿಯ ಬಟ್ಟಲನ್ನು ಸೂಟ್‌ಕೇಸಿನಲ್ಲಿ ಕಳಿಸುವ ಮನಸ್ಸಿದ್ದರೆ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಗೆ ತೋರಿಸಿ. ಅದು ಪುರಾತನ ವಸ್ತುವಲ್ಲ ಎಂದಾದರೆ ಅವರು ಹಾಗೆಂದು ಪ್ರಮಾಣಪತ್ರ ಕೊಡುತ್ತಾರೆ. ಅಂಗಡಿಯವನು "150 ವರ್ಷ ಗ್ಯಾರಂಟಿ" ಎಂದು ಬರೆದುಕೊಟ್ಟ ಚೀಟಿ ಮಾತ್ರ ಜೊತೆಗಿದ್ದರೆ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಅದನ್ನೂ ಓದುತ್ತಾರೆ.